ಬೀಳು ಬಿದ್ದ ತರಂಗಗಳು ಯಾರ ಸೊತ್ತು?



ಬ್ಯಾಂಕ್ ಖಾತೆ, ಪಡಿತರ, ಮಕ್ಕಳ ವಿದ್ಯಾರ್ಥಿವೇತನ – ಯಾವ ಕೆಲಸಕ್ಕೆ ಹೋದರೂ "ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ನಾವೆಲ್ಲಾ ಕೇಳಿದ್ದೇವೆ. ಅಲ್ಲಿಗೆ ಒಂದು ದಿನದ ಕೂಲಿ ಹೋದ ಹಾಗೆಯೇ. ಆದರೆ ಇಂಟರ್ನೆಟ್ ಹೊತ್ತು ತರಬಲ್ಲ ಎಷ್ಟೋ ರೇಡಿಯೋ ತರಂಗಗಳು ಬಳಕೆಯಿಲ್ಲದೆ ಬೀಳು ಬಿದ್ದಿವೆ ಎಂಬುದು ನಮಗೆ ಗೊತ್ತಿದೆಯೇ?

ತರಂಗಗಳ ಒಡೆಯರು ಯಾರು?

ರೇಡಿಯೋ, ಟಿ.ವಿ., ಮೊಬೈಲ್, ಪೊಲೀಸರ ವೈರ್‌ಲೆಸ್ – ಎಲ್ಲವೂ ನಡೆಯುವುದು ಕಣ್ಣಿಗೆ ಕಾಣದ ತರಂಗಗಳಿಂದ. ಒಂದೇ ತರಂಗದಲ್ಲಿ ಇಬ್ಬರು ಮಾತಾಡಿದರೆ ಗದ್ದಲವಾಗಿ ಯಾರಿಗೂ ಸರಿಯಾಗಿ ಕೇಳಿಸದು. ಆದ್ದರಿಂದ ಸರಕಾರವು ಗದ್ದೆಗೆ ಬದು ಹಾಕಿದಂತೆ ತರಂಗಗಳನ್ನು ಭಾಗ ಮಾಡಿ ಹಂಚುತ್ತದೆ. ಇದನ್ನೇ ಪತ್ರಿಕೆಗಳಲ್ಲಿ ತರಂಗಾಂತರ ಎನ್ನುತ್ತಾರೆ. ಹಂಚುವವರು ಸರಕಾರದವರಾದರೂ ಸೊತ್ತು ನಮ್ಮೆಲ್ಲರದು. ತರಂಗಗಳು ಸಾರ್ವಜನಿಕ ಸೊತ್ತು, ಜನರ ಹಿತಕ್ಕಾಗಿ ಬಳಕೆಯಾಗಬೇಕು ಎಂದು 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ.

ಖಾಲಿ ಇರುವುದು ಎಲ್ಲಿ?

ದೂರದರ್ಶನಕ್ಕೆ ಮೀಸಲಾಗಿದ್ದ ಒಂದು ಭಾಗದಲ್ಲಿ (470ರಿಂದ 590 ಮೆಗಾಹರ್ಟ್ಸ್) 15 ಚಾನಲ್‌ಗಳಿಗೆ ಜಾಗವಿತ್ತು. ಮುಂಬೈಯ ಐಐಟಿ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಚ್ಚುಕಡಿಮೆ ಎಲ್ಲಾ ಕಡೆ ಅವುಗಳಲ್ಲಿ ಕನಿಷ್ಠ 12 ಖಾಲಿ ಇದ್ದವು. ಈ ತರಂಗಗಳು ವೈ-ಫೈ ತರಂಗಗಳಿಗಿಂತ ದೂರ ಹೋಗುತ್ತವೆ. ಮರ, ಗೋಡೆ ಅಡ್ಡ ಬಂದರೂ ಸುಲಭವಾಗಿ ನಿಲ್ಲುವುದಿಲ್ಲ. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಕೆಲವು ಹಳ್ಳಿಗಳಿಗೆ ಇದೇ ಐಐಟಿಯವರು ಈ ತರಂಗಗಳಲ್ಲಿ ಇಂಟರ್ನೆಟ್ ಒಯ್ದು ಪ್ರಯೋಗ ಮಾಡಿ ತೋರಿಸಿದ್ದಾರೆ.

ಖಾಲಿ ಇದೆಯೆಂದು ಯಾರು ಬೇಕಾದರೂ ನುಗ್ಗಬಹುದೇ?

ಖಂಡಿತಾ ಇಲ್ಲ. ಬೀಳು ಗದ್ದೆಯಲ್ಲಿ ಬಿತ್ತುವ ಮೊದಲು ಪಹಣಿ ನೋಡಬೇಕಲ್ವಾ? ಅಮೇರಿಕಾದಲ್ಲಿ ಖಾಲಿ ಟಿ.ವಿ. ತರಂಗಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು 2008ರಲ್ಲಿ ಒಪ್ಪಿಗೆ ಸಿಕ್ಕಾಗ ಟಿ.ವಿ. ಕಂಪೆನಿಗಳು ಗಾಬರಿಯಾದವು. ನಾಟಕಶಾಲೆ, ಚರ್ಚುಗಳ ಕಾರ್ಡ್‌ಲೆಸ್ ಮೈಕುಗಳೂ ಅದೇ ತರಂಗದಲ್ಲಿದ್ದವು. ಅದಕ್ಕಾಗಿ ಅಲ್ಲಿ ಕಟ್ಟುನಿಟ್ಟಿನ ನಿಯಮ ಮಾಡಿದರು. ಇಂಟರ್ನೆಟ್ ಸಾಧನವು ತಾನಿರುವ ಜಾಗವನ್ನು ತಿಳಿಸಿ, "ಇಲ್ಲಿ ಯಾವ ಚಾನಲ್ ಖಾಲಿ ಇದೆ?" ಎಂದು ಒಂದು ದಾಖಲೆ ಪಟ್ಟಿಯನ್ನು ಕೇಳಬೇಕು. ಖಾಲಿ ಇದ್ದುದನ್ನು ಮಾತ್ರ, ಮಿತಿಯೊಳಗಿನ ಶಕ್ತಿಯಲ್ಲಿ ಬಳಸಬೇಕು. ಮೊದಲಿನಿಂದ ಇದ್ದವರಿಗೆ ತೊಂದರೆಯಾಗದಂತೆ ಹೊಸಬರಿಗೆ ಜಾಗ ಕೊಡುವುದೆಂದರೆ ಇದೇ.

ನಮ್ಮ ದೇಶದಲ್ಲಿ ಏನಾಗಿದೆ?

ಟಿ.ವಿ. ತರಂಗಗಳಿಗೆ ಇಲ್ಲಿ ಪ್ರಯೋಗಕ್ಕಷ್ಟೇ ಅನುಮತಿ ಸಿಕ್ಕಿತು. ಆದರೆ ಬೇರೊಂದು ಭಾಗವನ್ನು (2.4 ಗಿಗಾಹರ್ಟ್ಸ್) ಕಡಿಮೆ ಶಕ್ತಿಯ ಸಾಧನಗಳಿಗಾಗಿ 2005ರಲ್ಲೇ ಲೈಸೆನ್ಸ್ ಇಲ್ಲದೆ ತೆರೆಯಲಾಯಿತು. ಇಂದು ಮನೆ, ಶಾಲೆ, ಆಸ್ಪತ್ರೆಗಳಲ್ಲಿರುವ ವೈ-ಫೈ ಅದರ ಫಲ. ಒಂದು ಸಣ್ಣ ಭಾಗ ತೆರೆದದ್ದಕ್ಕೇ ಇಷ್ಟು ಪ್ರಯೋಜನ!

ಇದರ ಆಧಾರದ ಮೇಲೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಪಿಎಂ-ವಾಣಿ ಯೋಜನೆಯನ್ನು ಒಪ್ಪಿತು. ಕಿರಾಣಿ ಅಂಗಡಿ, ಹೋಟೆಲಿನವರೂ ಬ್ರಾಡ್‌ಬ್ಯಾಂಡ್ ಸಂಪರ್ಕ ಪಡೆದು, ವೈ-ಫೈ ಪೆಟ್ಟಿಗೆ ಇಟ್ಟು, ಜನರಿಗೆ ಇಂಟರ್ನೆಟ್ ಮಾರಬಹುದು. ಅಂಗಡಿಯವರಿಗೆ ಲೈಸೆನ್ಸ್ ಬೇಡ, ನೋಂದಣಿ ಶುಲ್ಕವೂ ಇಲ್ಲ. ಗ್ರಾಹಕರ ಗುರುತು, ಲೆಕ್ಕ ನೋಡಿಕೊಳ್ಳಲು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿತ ಸಂಸ್ಥೆಯೊಂದರ ಜೊತೆ ಸೇರಬೇಕು. ಕಂಪೆನಿಗಳು ಇಂತಹ ಅಂಗಡಿಗಳಿಂದ ಮನೆ ಸಂಪರ್ಕದ ದರದ ಎರಡು ಪಟ್ಟಿಗಿಂತ ಹೆಚ್ಚು ಪಡೆಯಬಾರದೆಂದು 2025ರ ಜೂನ್‌ನಲ್ಲಿ ಟ್ರಾಯ್ ಆದೇಶಿಸಿತು. 200 ಎಂಬಿಪಿಎಸ್ ವೇಗದವರೆಗಿನ ಸಂಪರ್ಕಕ್ಕೆ ಇದು ಅನ್ವಯ.

ಆದರೆ ಇದಕ್ಕಾಗಿ ಸಾಲ ತೆಗೆಯುವ ಮುನ್ನ ಲೆಕ್ಕ ಹಾಕಿ. ನಮ್ಮೂರಿಗೆ ಬ್ರಾಡ್‌ಬ್ಯಾಂಡ್ ತಂತಿ ಬಂದಿದೆಯೇ? ತಿಂಗಳ ಬಿಲ್ಲು, ಕರೆಂಟು ಎಷ್ಟು? ಎಷ್ಟು ಮಂದಿ ದುಡ್ಡು ಕೊಟ್ಟು ಬಳಸಿಯಾರು? ಎಲ್ಲರ ಮೊಬೈಲಿನಲ್ಲೂ ಸಿಗ್ನಲ್ ಚೆನ್ನಾಗಿರುವ ಕಡೆ ಗಿರಾಕಿ ಕಡಿಮೆ.

ವಾರದ ಸಭೆಯಲ್ಲಿ ಚರ್ಚಿಸಿರಿ:

1. ನೆಟ್‌ವರ್ಕ್ ಇಲ್ಲದ ಕಾರಣ ಕಳೆದ ತಿಂಗಳು ನಮ್ಮ ಸದಸ್ಯೆಯರ ಎಷ್ಟು ದಿನದ ಕೆಲಸ ಹಾಳಾಯಿತು?

2. ನಮ್ಮ ಗ್ರಾಮ ಪಂಚಾಯತ್ ಕಚೇರಿಗೆ ಬಂದಿರುವ ಇಂಟರ್ನೆಟ್ ಸಂಪರ್ಕ ಊರಿನವರಿಗೆ ಸಿಗುತ್ತಿದೆಯೇ? ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳುವವರು ಯಾರು?

ಕೆರೆ, ಗೋಮಾಳದ ಹಾಗೆ ತರಂಗಗಳೂ ಸಾರ್ವಜನಿಕ ಸೊತ್ತು. ಅದರ ಬಗ್ಗೆ ಕೇಳುವ ಹಕ್ಕು ನಮಗಿದೆ.