ಭೂಮಿಯ ಸುತ್ತೂ ಗಡಿಯಾರದ ಲೆಕ್ಕವೂ

ಒಂದು ಅಹೋರಾತ್ರಿಗೆ ೬೦ ಘಳಿಗೆಗಳೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ಆ ಲೆಕ್ಕಕ್ಕೆ ಭೂಮಿಯ ಸುತ್ತೇ ಆಧಾರವು. ಆದರೆ ಈ ಮಹಾಗಡಿಯಾರವು ತಪ್ಪದೆ ನಡೆಯುತ್ತಿರುವುದೆ? ಇಲ್ಲವೆಂದೇ ಹೇಳಬೇಕಾಗಿದೆ. ಚಂದ್ರನ ಸೆಳೆತದಿಂದುಂಟಾಗುವ ಸಮುದ್ರದ ಉಬ್ಬರವಿಳಿತಗಳು ಭೂಮಿಯ ವೇಗವನ್ನು ಮೆಲ್ಲಮೆಲ್ಲನೆ ಕುಗ್ಗಿಸುತ್ತಿವೆ. ಭೂಗರ್ಭದ ಚಲನೆಯಿಂದಲೂ ಗಾಳಿಯಿಂದಲೂ ಅದರ ನಡಿಗೆಯಲ್ಲಿ ಆಗಾಗ ಹೆಚ್ಚುಕಡಿಮೆಯಾಗುವುದುಂಟು.

ಆದುದರಿಂದ ೧೯೬೭ರಲ್ಲಿ ವಿಜ್ಞಾನಿಗಳು ಸೆಕೆಂಡಿನ ಅಳತೆಯನ್ನು ಸೀಸಿಯಂ ಪರಮಾಣುವಿಗೆ ಒಪ್ಪಿಸಿದರು. ಅದು ಸೂಸುವ ಗೊತ್ತಾದ ಅಲೆಯೊಂದು ೯೧೯ ಕೋಟಿ ೨೬ ಲಕ್ಷ ೩೧ ಸಾವಿರದ ೭೭೦ ಸಲ ಕಂಪಿಸುವಷ್ಟು ಕಾಲವೇ ಒಂದು ಸೆಕೆಂಡು.

ಪರಮಾಣುವಿನ ಕಾಲಕ್ಕೂ ಭೂಮಿಯ ಕಾಲಕ್ಕೂ ಅಂತರ ಬಿದ್ದಾಗ, ಪಂಚಾಂಗದ ಅಧಿಕಮಾಸದಂತೆ, ಅಧಿಕ ಸೆಕೆಂಡೊಂದನ್ನು ಸೇರಿಸುವ ಪದ್ಧತಿಯು ೧೯೭೨ರಲ್ಲಿ ಮೊದಲಾಯಿತು. ೨೭ನೆಯ ಅಧಿಕ ಸೆಕೆಂಡು ನಮ್ಮ ದೇಶದ ಗಡಿಯಾರಕ್ಕೆ ಸೇರಿದುದು ೨೦೧೭ನೆಯ ಜನವರಿ ೧ರ ಬೆಳಗಿನ ಐದೂವರೆ ಗಂಟೆ ಹೊಡೆಯುವ ಮುನ್ನ. ನಮ್ಮಲ್ಲಿ ಎಷ್ಟೋ ಮಂದಿ ಆಗ ನಿದ್ರೆಯಲ್ಲಿದ್ದೆವು!

ಇದರಿಂದ ಗಣಕಯಂತ್ರಗಳಿಗೆ ತೊಡಕಾಗುವುದೆಂದು, ೨೦೩೫ರೊಳಗಾಗಿ ಹೆಚ್ಚಿನ ಅಂತರವನ್ನು ಸಹಿಸಿಕೊಳ್ಳುವಂತೆ ೨೦೨೨ರಲ್ಲಿ ರಾಷ್ಟ್ರಗಳ ಅಳತೆಯ ಮಹಾಸಭೆಯು ನಿಶ್ಚಯಿಸಿತು. ಯಂತ್ರಗಳ ಅನುಕೂಲವೂ ಬೇಕಾದುದೇ. ಆದರೆ ನಮ್ಮ ಹಿರಿಯರು ಚಂದ್ರನ ತಿಂಗಳನ್ನೂ ಸೂರ್ಯನ ವರುಷವನ್ನೂ ಬಿಡದೆ ಹೊಂದಿಸಿಕೊಂಡರು. ನಿಖರತೆಯನ್ನು ಬಯಸುವ ನಾವು ಹಗಲಿರುಳನ್ನು ಕೊಡುವ ಭೂಮಿಯನ್ನು ಮರೆಯದಿರುವುದು ಲೇಸು.