ಕಾಣದ ಕಾಯವನ್ನು ತೂಗಿದ ಬಗೆ

ಅಮಾವಾಸ್ಯೆಯ ಕತ್ತಲಿನಲ್ಲಿ ಒಬ್ಬಾತನು ಹಗ್ಗದ ತುದಿಗೆ ಉರಿಯುವ ಕೊಳ್ಳಿಯನ್ನು ಕಟ್ಟಿ ಬೀಸುತ್ತಿದ್ದಾನೆಂದು ಭಾವಿಸೋಣ. ದೂರದಲ್ಲಿ ನಿಂತ ನಮಗೆ ಆತನೂ ಕಾಣನು, ಹಗ್ಗವೂ ಕಾಣದು. ಬೆಂಕಿಯ ಬಳೆಯೊಂದು ಮಾತ್ರ ಕಾಣುತ್ತದೆ. ಆದರೂ ಆ ಬಳೆಯ ನಡುವೆ ಯಾರೋ ಇದ್ದಾರೆಂದು ನಾವು ಸಂಶಯವಿಲ್ಲದೆ ಹೇಳುತ್ತೇವೆ. ಕೊಳ್ಳಿಯ ವೇಗವನ್ನೂ ಬಳೆಯ ಅಗಲವನ್ನೂ ಅಳೆದರೆ, ಆ ಕಾಣದ ತೋಳಿನ ಬಲವೆಷ್ಟೆಂದು ಲೆಕ್ಕ ಹಾಕುವುದೂ ಸಾಧ್ಯ. ನಮ್ಮ ಆಕಾಶಗಂಗೆಯ ಕೇಂದ್ರದಲ್ಲಿ ಅಡಗಿರುವ ಕೃಷ್ಣವಿವರವನ್ನು ಖಗೋಳವಿಜ್ಞಾನಿಗಳು ಪತ್ತೆಹಚ್ಚಿದುದು ಇದೇ ತರ್ಕದಿಂದ.

ಕೃಷ್ಣವಿವರವೆಂದರೇನು? ಭೂಮಿಯ ಗುರುತ್ವದಿಂದ ಪಾರಾಗಬೇಕಾದರೆ ವಸ್ತುವಿಗೆ ಸೆಕೆಂಡಿಗೆ ೧೧.೨ ಕಿಲೋಮೀಟರ್ ವೇಗ ಬೇಕು. ಸೂರ್ಯನ ಮೇಲ್ಮೈಯಿಂದಾದರೆ ಸುಮಾರು ೬೧೮ ಕಿಲೋಮೀಟರ್. ದ್ರವ್ಯರಾಶಿ ಅಷ್ಟೇ ಇದ್ದು ಗಾತ್ರ ಕುಗ್ಗಿದಂತೆಲ್ಲ ಈ ವೇಗ ಏರುತ್ತದೆ. ಇಡೀ ಸೂರ್ಯನನ್ನು ೩ ಕಿಲೋಮೀಟರ್ ತ್ರಿಜ್ಯದ ಗೋಳವಾಗಿ ಹಿಂಡಬಹುದಾದರೆ, ಸೆಕೆಂಡಿಗೆ ೩ ಲಕ್ಷ ಕಿಲೋಮೀಟರ್ ಧಾವಿಸುವ ಬೆಳಕು ಸಹ ಅದರಿಂದ ಹೊರಬರಲಾರದು. ಬೆಳಕನ್ನೂ ಬಿಟ್ಟುಕೊಡದ ಇಂಥ ಕಾಯವೇ ಕೃಷ್ಣವಿವರ. ೧೭೮೩ರಷ್ಟು ಹಿಂದೆಯೇ ಜಾನ್ ಮಿಚೆಲ್ ಎಂಬ ಇಂಗ್ಲಿಷ್ ಪಾದ್ರಿಯು ಇಂಥ ಕಪ್ಪು ತಾರೆಗಳನ್ನು ಊಹಿಸಿದ್ದನು. ಅವು ತಾವಾಗಿ ಕಾಣದಿದ್ದರೂ, ಅವನ್ನು ಸುತ್ತುವ ಬೆಳಗುವ ಕಾಯಗಳ ಚಲನೆಯಿಂದ ಅವುಗಳ ಇರವನ್ನು ಅರಿಯಬಹುದೆಂದೂ ಸೂಚಿಸಿದ್ದನು. ಆಕಾಶಗಂಗೆಯ ಕೇಂದ್ರದ ಮಟ್ಟಿಗೆ ಆ ಸೂಚನೆ ಫಲಿಸಲು ಎರಡು ಶತಮಾನಗಳೇ ಬೇಕಾದವು.

ಆ ಕೇಂದ್ರವಿರುವುದು ಧನುರಾಶಿಯ ದಿಕ್ಕಿನಲ್ಲಿ, ವೃಶ್ಚಿಕದ ಕೊಂಡಿಗೆ ಸಮೀಪವಾಗಿ. ಮೇ ತಿಂಗಳಲ್ಲಿ ನಡುರಾತ್ರಿ ಕಳೆದ ಮೇಲೆ ದಕ್ಷಿಣಾಕಾಶವನ್ನು ನೋಡಿದರೆ ಈ ಭಾಗವನ್ನು ಗುರುತಿಸಬಹುದು. ದೂರ ಸುಮಾರು ೨೭,೦೦೦ ಜ್ಯೋತಿರ್ವರ್ಷ. ಆದರೆ ನಡುವೆ ಧೂಳಿನ ದಟ್ಟವಾದ ತೆರೆಯಿದೆ. ಅಲ್ಲಿಂದ ನಮ್ಮತ್ತ ಹೊರಟ ದೃಗ್ಗೋಚರ ಬೆಳಕಿನಲ್ಲಿ ಲಕ್ಷ ಕೋಟಿಗೆ ಒಂದಂಶ ಮಾತ್ರ ನಮ್ಮನ್ನು ತಲಪುತ್ತದೆ. ರೇಡಿಯೋ ತರಂಗಗಳಿಗೂ ಅವಕೆಂಪು ಕಿರಣಗಳಿಗೂ ಈ ತೆರೆ ಅಷ್ಟು ಅಡ್ಡಿಯಲ್ಲ. ೧೯೭೪ರಲ್ಲಿ ಬ್ರೂಸ್ ಬಾಲಿಕ್ ಮತ್ತು ರಾಬರ್ಟ್ ಬ್ರೌನ್ ಎಂಬ ಅಮೆರಿಕದ ವಿಜ್ಞಾನಿಗಳು ಅಲ್ಲಿ ಅತಿ ಕಿರಿದಾದ ಒಂದು ರೇಡಿಯೋ ಆಕರವನ್ನು ಕಂಡರು. ಮುಂದೆ ಅದಕ್ಕೆ ಸ್ಯಾಜಿಟೇರಿಯಸ್ ಎ-ಸ್ಟಾರ್ ಎಂದು ಹೆಸರಾಯಿತು.

ಅದು ಎಷ್ಟು ಭಾರವಾದುದು? ಇದನ್ನು ತಿಳಿಯಲು ಎರಡು ತಂಡಗಳು ಬೇರೆಬೇರೆಯಾಗಿ ದುಡಿದವು. ಜರ್ಮನಿಯ ರೈನ್‌ಹಾರ್ಟ್ ಗೆಂಜೆಲ್ ಅವರ ತಂಡ ೧೯೯೨ರಿಂದ ಚಿಲಿ ದೇಶದ ದೂರದರ್ಶಕಗಳಿಂದಲೂ, ಅಮೆರಿಕದ ಆಂಡ್ರಿಯಾ ಗೆಜ್ ಅವರ ತಂಡ ೧೯೯೫ರಿಂದ ಹವಾಯಿ ದ್ವೀಪದ ಕೆಕ್ ದೂರದರ್ಶಕದಿಂದಲೂ, ಕೇಂದ್ರದ ಬಳಿಯ ತಾರೆಗಳ ಅವಕೆಂಪು ಚಿತ್ರಗಳನ್ನು ವರ್ಷ ವರ್ಷವೂ ತೆಗೆದು ಹೋಲಿಸುತ್ತ ಬಂದವು. ತಾರೆಗಳು ಸ್ಥಾನ ಬದಲಿಸುತ್ತಿದ್ದುವು. ಅವುಗಳಲ್ಲಿ ಎಸ್-೨ ಎಂಬುದು ೧೬ ವರ್ಷಗಳಿಗೊಮ್ಮೆ ನೀಳವಾದ ದೀರ್ಘವೃತ್ತದಲ್ಲಿ ಪೂರ್ತಿ ಒಂದು ಸುತ್ತು ಬರುತ್ತದೆ. ಆ ಸುತ್ತಿನ ನಾಭಿಯಲ್ಲಿರುವುದು ಆ ರೇಡಿಯೋ ಆಕರವೇ!

ಇನ್ನು ಲೆಕ್ಕವನ್ನು ನಾವೇ ಮಾಡೋಣ. ಎಸ್-೨ರ ಕಕ್ಷೆಯ ಅರ್ಧ ದೀರ್ಘಾಕ್ಷವು ಭೂಮಿ-ಸೂರ್ಯರ ನಡುವಣ ದೂರದ ಸುಮಾರು ೧,೦೦೦ ಪಟ್ಟು. ಕೆಪ್ಲರನ ಮೂರನೆಯ ನಿಯಮಕ್ಕೆ ನ್ಯೂಟನ್ ಕೊಟ್ಟ ರೂಪದಂತೆ, ಈ ಸಂಖ್ಯೆಯ ಘನವನ್ನು ವರ್ಷಗಳ ಸಂಖ್ಯೆಯ ವರ್ಗದಿಂದ ಭಾಗಿಸಿದರೆ ನಡುವಣ ಕಾಯದಲ್ಲಿ ಎಷ್ಟು ಸೂರ್ಯರ ದ್ರವ್ಯವಿದೆಯೆಂಬುದು ದೊರೆಯುತ್ತದೆ. ೧,೦೦೦ದ ಘನ ೧೦೦ ಕೋಟಿ. ೧೬ರ ವರ್ಗ ೨೫೬. ಭಾಗಲಬ್ಧ ಸುಮಾರು ೩೯ ಲಕ್ಷ. ಸೂಕ್ಷ್ಮವಾದ ಅಳತೆಗಳಿಂದ ಬಂದಿರುವ ಬೆಲೆ ಸುಮಾರು ೪೩ ಲಕ್ಷ ಸೂರ್ಯರು.

ಇಲ್ಲಿ ವಿವೇಕಿಯಾದ ವಿದ್ಯಾರ್ಥಿಯು ಆಕ್ಷೇಪವೊಂದನ್ನು ಎತ್ತಬಹುದು. ಭಾರವಾದ ಮಾತ್ರಕ್ಕೆ ಅದು ಕೃಷ್ಣವಿವರವೇ ಆಗಬೇಕೇ? ನಂದಿಹೋದ ಲಕ್ಷಾಂತರ ತಾರೆಗಳ ಗುಂಪು ಏಕಾಗಬಾರದು? ಪ್ರಶ್ನೆ ನ್ಯಾಯವಾದುದೇ. ಉತ್ತರ ಎಸ್-೨ರ ಹಾದಿಯಲ್ಲಿದೆ. ೨೦೦೨ರಲ್ಲಿಯೂ ೨೦೧೮ರಲ್ಲಿಯೂ ಅದು ಕೇಂದ್ರಕ್ಕೆ ಅತಿ ಸಮೀಪವಾಗಿ, ಭೂಮಿ-ಸೂರ್ಯರ ದೂರದ ೧೨೦ ಪಟ್ಟಿನಷ್ಟು ಅಂತರದಲ್ಲಿ, ಸೆಕೆಂಡಿಗೆ ಸುಮಾರು ೭,೭೦೦ ಕಿಲೋಮೀಟರ್ ವೇಗದಿಂದ ಸುಳಿದು ಹೋಯಿತು. ಅಲ್ಲಿ ಅದು ಯಾವುದಕ್ಕೂ ಡಿಕ್ಕಿ ಹೊಡೆಯಲಿಲ್ಲ, ದಾರಿ ತಪ್ಪಲಿಲ್ಲ. ಎಂದ ಮೇಲೆ ೪೩ ಲಕ್ಷ ಸೂರ್ಯರ ದ್ರವ್ಯವೆಲ್ಲ ಆ ಅಂತರದ ಒಳಗೇ ಅಡಕವಾಗಿರಬೇಕು. ನೆಪ್ಚೂನಿನ ಕಕ್ಷೆಯ ನಾಲ್ಕು ಪಟ್ಟು ತ್ರಿಜ್ಯದ ಜಾಗದಲ್ಲಿ ಅಷ್ಟು ತಾರೆಗಳನ್ನು ತುಂಬಿದರೆ, ಅವು ಪರಸ್ಪರ ಸೆಳೆದಾಡಿ ಬಹುಕಾಲ ಹಾಗೆಯೇ ಉಳಿಯಲಾರವು. ೨೦೧೮ರಲ್ಲಿ ಸಮೀಪಿಸಿದಾಗ ಎಸ್-೨ರ ಬೆಳಕು ಐನ್‌ಸ್ಟೈನರ ಸಿದ್ಧಾಂತ ಹೇಳುವಷ್ಟೇ ಕೆಂಪಿನ ಕಡೆಗೆ ಸರಿದುದೂ ಕಂಡುಬಂದಿತು.

೨೦೨೦ರಲ್ಲಿ ಗೆಂಜೆಲ್ ಮತ್ತು ಗೆಜ್ ಅವರಿಗೆ ನೊಬೆಲ್ ಪಾರಿತೋಷಕದ ಅರ್ಧ ಭಾಗ ಸಂದಿತು. ಉಳಿದರ್ಧ ರೋಜರ್ ಪೆನ್‌ರೋಸ್ ಅವರದು. ಆಗಲೂ ಆ ಇಬ್ಬರ ಶೋಧವನ್ನು ಸಮಿತಿಯು ಕೃಷ್ಣವಿವರವೆಂದು ಕರೆಯದೆ, ಅತಿಭಾರದ ಸಾಂದ್ರ ಕಾಯವೆಂದಷ್ಟೇ ಬಣ್ಣಿಸಿತು. ಪ್ರಮಾಣವಿದ್ದಷ್ಟೇ ಮಾತು, ಇದು ವಿಜ್ಞಾನದ ಶಿಸ್ತು.

ಮುಂದಿನ ಸಾಕ್ಷಿಯೂ ದೊರೆಯಿತು. ಸ್ಪೇನಿನಿಂದ ದಕ್ಷಿಣ ಧ್ರುವದವರೆಗೆ ಆರು ಸ್ಥಳಗಳಲ್ಲಿದ್ದ ಎಂಟು ರೇಡಿಯೋ ದೂರದರ್ಶಕಗಳು ೨೦೧೭ರ ಏಪ್ರಿಲಿನಲ್ಲಿ ಭೂಮಿಯಷ್ಟೇ ದೊಡ್ಡದಾದ ಒಂದು ದೂರದರ್ಶಕದಂತೆ ಕೂಡಿ ಕೆಲಸ ಮಾಡಿದುವು. ಮೊದಲ ಚಿತ್ರ ೨೦೧೯ರಲ್ಲಿ ಹೊರಬಂದಿತು. ಅದು ೫.೫ ಕೋಟಿ ಜ್ಯೋತಿರ್ವರ್ಷ ದೂರದ ಎಂ-೮೭ ಎಂಬ ಗೆಲಕ್ಸಿಯ ಕೇಂದ್ರದಲ್ಲಿರುವ, ೬೫೦ ಕೋಟಿ ಸೂರ್ಯರಷ್ಟು ಭಾರವಾದ ಕೃಷ್ಣವಿವರದ್ದು. ನಮ್ಮದರ ಬಳಿ ಅನಿಲವು ಕೆಲವೇ ನಿಮಿಷಗಳಲ್ಲಿ ಸುತ್ತಿ ರೂಪ ಬದಲಿಸುವುದರಿಂದ ಲೆಕ್ಕಾಚಾರ ಕಠಿಣವಾಯಿತು. ಅದರ ಚಿತ್ರ ೨೦೨೨ರ ಮೇ ೧೨ರಂದು ಪ್ರಕಟವಾಯಿತು. ಉಜ್ಜ್ವಲವಾದ ಬಳೆ, ನಡುವೆ ಕತ್ತಲೆ. ಆ ಬಳೆ ನಮಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ? ಚಂದ್ರನ ಮೇಲೆ ಹತ್ತು ಸೆಂಟಿಮೀಟರ್ ಅಗಲದ ಉದ್ದಿನ ವಡೆಯೊಂದನ್ನು ಇಟ್ಟರೆ ಇಲ್ಲಿಂದ ಕಾಣುವಷ್ಟು! ಅದರ ಅಳತೆಯು ೪೩ ಲಕ್ಷ ಸೂರ್ಯರ ಕೃಷ್ಣವಿವರಕ್ಕೆ ಇರಬೇಕಾದಷ್ಟೇ ಇತ್ತು.

ತಾರೆಯೊಂದರ ಓಟದಿಂದ ಬಂದ ತೂಕಕ್ಕೂ ಬಳೆಯ ಅಗಲದಿಂದ ಬಂದ ತೂಕಕ್ಕೂ ಹೀಗೆ ತಾಳೆಯಾಯಿತು. ದೂರದರ್ಶಕಗಳನ್ನು ಕಟ್ಟಲು ದೇಶದೇಶಗಳ ಶ್ರಮ ಬೇಕಾಯಿತು, ನಿಜ. ಆದರೆ ಮೊದಲು ತೂಗಿದ ತಕ್ಕಡಿ, ಪ್ರತಿಯೊಬ್ಬ ವಿದ್ಯಾರ್ಥಿಯ ಪಠ್ಯಪುಸ್ತಕದಲ್ಲಿರುವ ಕೆಪ್ಲರನ ನಿಯಮವೇ.