ಒಂದು ಹನಿ ನೀರಿನಲ್ಲಿ ಕೊಳೆರೋಗ

ಕಲ್ಲಡ್ಕ, ವಿಟ್ಲ ಕಡೆಯ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಗುರುತು ಯಾರೂ ಹೇಳಿಕೊಡಬೇಕಿಲ್ಲ. ಆಟಿ ತಿಂಗಳ ಮಳೆ ಜಡಿ ಹಿಡಿದರೆ ತೊಟ್ಟಿನ ಬಳಿ ಕಡುಹಸಿರು ಮಚ್ಚೆ, ಮರದ ಬುಡದಲ್ಲಿ ಉದುರಿದ ಎಳೆ ಕಾಯಿ, ಅದರ ಮೇಲೆ ಬಿಳಿ ಬೂಷ್ಟು. ಆ ಬೂಷ್ಟನ್ನು ಸೂಕ್ಷ್ಮದರ್ಶಕದಡಿ ನೋಡಿದವರು ಮಾತ್ರ ಕಡಿಮೆ. ಸ್ಲೈಡ್ ಪಾಠಕ್ಕೆ ಈರುಳ್ಳಿ ಸಿಪ್ಪೆಯೇ ಏಕೆ ಬೇಕು? ಮಳೆಗಾಲದಲ್ಲಿ ಅದಕ್ಕಿಂತ ಒಳ್ಳೆಯದು ತೋಟದಲ್ಲೇ ಬಿದ್ದಿರುತ್ತದೆ.

ಆಗಷ್ಟೇ ಬಿದ್ದ ಕಾಯಿಯನ್ನೇ ಆರಿಸಬೇಕು. ಹಳತಾದರೆ ಬೇರೆ ಶಿಲೀಂಧ್ರಗಳು ಬಂದು ಕೂತಿರುತ್ತವೆ. ಸೋಪಿನಲ್ಲಿ ತೊಳೆದು ಒರೆಸಿದ ಸ್ಲೈಡಿನ ನಡುವೆ ಒಂದು ಹನಿ ತಣ್ಣೀರು. ಬೂಷ್ಟಿನ ಅಂಚಿನಿಂದ ಸೂಜಿಮೊನೆಯಷ್ಟು ಎತ್ತಿ ಹನಿಗಿಟ್ಟು, ಎರಡು ಸೂಜಿಗಳಿಂದ ಎಳೆ ಬಿಡಿಸಬೇಕು. ಇಲ್ಲಿ ಆಸೆ ಪಟ್ಟರೆ ಕೆಟ್ಟಿತು. ಹೆಚ್ಚಾದಷ್ಟೂ ಕಾಣುವುದು ಬರೀ ಮುದ್ದೆ. ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಹನಿಗೆ ತಾಗಿಸಿ, ಇನ್ನೊಂದನ್ನು ಸೂಜಿಯ ಮೇಲೆ ಮೆಲ್ಲನೆ ಇಳಿಸಬೇಕು. ಕಲ್ಲಡ್ಕದ ‘ಕೆಟಿ’ ಚಹಾದಲ್ಲಿ ಹಾಲಿನ ಮೇಲೆ ಡಿಕಾಕ್ಷನ್ ನಿಲ್ಲಿಸುವಷ್ಟೇ ನಿಧಾನ ಬೇಕು. ಅವಸರ ಮಾಡಿದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಅದರ ಕಪ್ಪು ಅಂಚಿನ ವೃತ್ತವನ್ನೇ ಬೀಜಕವೆಂದು ಚಿತ್ರ ಬರೆಯುವ ವಿದ್ಯಾರ್ಥಿಗಳಿದ್ದಾರೆ.

ಮೊದಲು 10ರ ಮಸೂರ, ಆಮೇಲೆ 40ರದ್ದು. ಎಳೆಗಳಲ್ಲಿ ಅಡ್ಡಗೋಡೆ ಕಾಣದಿದ್ದರೆ, ನಡುನಡುವೆ ನಿಂಬೆಹಣ್ಣಿನಾಕಾರದ ಚೀಲಗಳಿದ್ದರೆ ಅದು ಕೊಳೆರೋಗ ತರುವ ಫೈಟಾಫ್ತೊರ ಎನ್ನಲು ಬಲವಾದ ಕಾರಣವಿದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿದ್ದೂ ಇದೇ ಕುಲದ್ದು. ಲ್ಯಾಕ್ಟೊಫಿನಾಲ್ ಕಾಟನ್ ಬ್ಲೂ ಬಣ್ಣ ಹಾಕಿದರೆ ಎಳೆಗಳು ನೀಲಿಯಾಗಿ ಎದ್ದು ಕಾಣುತ್ತವೆ, ಸ್ಲೈಡೂ ಬಾಳಿಕೆ ಬರುತ್ತದೆ. ಆದರೆ ಅದು ಜೀವವನ್ನು ಕೊಲ್ಲುತ್ತದೆ. ನನ್ನ ಓಟು ಬರೀ ನೀರಿಗೆ. ತಂಪಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ, ಅದೃಷ್ಟವಿದ್ದರೆ ಚೀಲ ಒಡೆದು ಬಾಲವಿರುವ ಬೀಜಕಗಳು ಹೊರಬಂದು ಈಜತೊಡಗುತ್ತವೆ. ಮಳೆಹನಿಯೊಂದಿಗೆ ಗೊನೆಯಿಂದ ಗೊನೆಗೆ ದಾಟುವವುಗಳಲ್ಲಿ ಇವೂ ಸೇರಿವೆ.

ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಕುರಿತು ತಮ್ಮ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಬಂದದ್ದು 1956ರಲ್ಲಿ. ಮುಖ್ಯ ಮದ್ದು ಮಾತ್ರ ಇಂದಿಗೂ ಬೋರ್ಡೋ ದ್ರಾವಣವೇ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ತಾಮ್ರ ಕಾಯಿಯ ಮೈಮೇಲೆ ಬೀಜಕವನ್ನು ತಡೆಯಬಲ್ಲದು. ಒಳಹೊಕ್ಕ ಮೇಲೆ ಅದರ ಕೈ ನಡೆಯುವುದಿಲ್ಲ. ಹಾಗಾಗಿಯೇ ಮಳೆ ಹಿಡಿಯುವ ಮೊದಲೇ ಒಂದು ಸಲ ಮದ್ದು ಬಿಡುವುದು, 40–45 ದಿನಗಳಲ್ಲಿ ಬಿಸಿಲು ಕಂಡ ಹೊತ್ತು ನೋಡಿ ಇನ್ನೊಂದು ಸಲ.